ಎಲೆತೋಟದಲ್ಲಿ ಹೇಳಿದ ಮಾತು

ಉಪದೇಶಿಯವರ ಕಣ್ಣು ಎರಡನೆಯ ಸಲ ಈ ಕಡೆ ಬಂತು, ಭರಮಪ್ಪ ಧೋತರದ ಅಂಚು ಸರಿಮಾಡಿಕೊಂಡ, ಸುಮ್ಮನೆ ಬಂದದ್ದೋ, ಬೇಕಂತಲೇ ಬಂದದ್ದೋ, ಸವಣೂರಿನ ಈ ಪ್ರಾರ್ಥನಾಲಯದಲ್ಲಿ ಮೂವತ್ತು ಜನ ಕೂತಿದ್ದಾರೆ, ಎಲ್ಲರನ್ನೂ ಬಿಟ್ಟು ತನ್ನ ಮೇಲೇ ಯಾಕೆ — ತನ್ನ ತಪ್ಪು ಇನ್ನೊಬ್ಬರ ತಲಿಗೆ ಕಟ್ಟಿದವರು ಯಾರರೆ ಇದ್ದರ, ಕರ್ತನ ಭೋಜನಕ್ಕ ಮೊದಲ ಅವರ ಮುಂದ ಹೋಗಿ ತಲಿ ಬಗ್ಗಸ್ರಿ, ಅನ್ನುತ್ತಿದ್ದಾರೆ ಉಪದೇಶಿಯವರು — ಹಾಂ, ಯಾರೋ ಕಿವಿಯಲ್ಲಿ ಊದಿದ್ದಾರೆ, ಇಲ್ಲದಿದ್ದರೆ ಹಾನಗಲ್ಲಿನಿಂದ ನಿನ್ನೆ ಬಂದ ಮನುಷ್ಯನಿಗೆ ಈ ಮಾತು ಹೊಳೆಯುವುದು ಹೇಗೆ. ಹೆಂಡತಿ ಮಂಜವ್ವನೋ? ಹೆಂಗಸರ ಸಾಲಿನಲ್ಲಿ ಸೆರಗು ಹೊದ್ದು ಎಷ್ಟು ಸಾಧುವಾಗಿ ಕೂತಿದ್ದಾಳೆ, ನಿನ್ನೆ ಮನೆಯಲ್ಲಿ ಉಪದೇಶಿಯವರಿಗೆ ಬಡಿಸುವಾಗ ಏನೋ ಪಿಸುಗುಟ್ಟಿದಳು, ಬದನಿಕಾಯಿ ಪಲ್ಯೆ ಖಾರ ಆತೇನ್ರಿ ಅಂತ ಕೇಳಿದೆ ಅನ್ನುತ್ತಾಳೆ, ಖಾರ ಕೇಳಲು ಪಿಸುಗುಟ್ಟುವುದೇಕೆ, ಆದರೆ ಅವಳಿಗೆ ತಾನು ಹೇಳಿಯೇ ಇಲ್ಲವಲ್ಲ, ಯಾರಿಗೂ ಹೇಳಿಲ್ಲ. ಹಾಗಾದರೆ ಧಣಿ ಕುಬೇರಪ್ಪನವರೇ — ಲಿಂಗಪೂಜೆ ಬಿಟ್ಟು ಅವರು ಇಲ್ಲಿಗೆ ಬಂದಾರೆಯೇ, ಬಾರದಿದ್ದರೇನು, ಊಟವಾದ ಮೇಲೆ ಎಲೆ-ಅಡಿಕೆ ಹಾಕದೆ ಇರಲಾರದ ಉಪದೇಶಿಯವರು ಅವರ ತೋಟಕ್ಕೇ ಎಲೆ ಕೊಳ್ಳಲು ಹೋಗಿರಬಹುದು. ಎರಡು ವರ್ಷದ ಹಿಂದಿನ ಬೇಸಿಗೆ, ಎಲೆತೋಟಕ್ಕೆ ನೀರು ಕಟ್ಟುವ ಕೆಲಸ ಭರಮಪ್ಪನದು, ಕಾಲುವೆ ತೆರೆದವನು ಮುಚ್ಚುವುದನ್ನು ಮರೆತು ಹತ್ತಿಮತ್ತೂರಿನ ಭಾವನ ಮನೆಗೆ ಹೋಳಿಗೆ ಉಣ್ಣಲು ಹೋದ, ಮರುದಿನ ಬಂದರೆ ನೀರು ನಿಂತೇ ಇದೆ, ವಾರ ಕಳೆಯುವುದರೊಳಗೆ ಬುಡ ಕೊಳೆತು ನಾಲ್ಕು ಸಾಲು ಬಳ್ಳಿ ಮಲಗಿದವು, ಯಾಕಲೇ ಹಿಂಗಾತು ಅಂತ ಧಣಿ ಗುಡುಗಿದಾಗ ಬಾಯಿ ತಾನಾಗಿಯೇ ಆಡಿತು, ಮುದಕವ್ವ ಮುಟ್ಟಾದಾಗ ತೋಟದಾಗ ಕಾಲಿಟ್ಟಿದ್ಲರಿ. ಎಲೆತೋಟ ಅಂದರೆ ಗುಡಿ ಇದ್ದ ಹಾಗೆ, ಚಪ್ಪಲಿಯೂ ಹೊರಗೇ, ಮೈಲಿಗೆ ತಾಗಿದರೆ ಬಳ್ಳಿ ಸಾಯುತ್ತದೆಂದು ಧಣಿ ನಂಬುತ್ತಾರೆ, ಭರಮಪ್ಪ ನಂಬುವುದಿಲ್ಲ, ದೀಕ್ಷಾಸ್ನಾನದ ದಿನ ಇಂಥದ್ದನ್ನೆಲ್ಲ ಬಿಟ್ಟೆ ಅಂತ ಎಲ್ಲರೆದುರು ಹೇಳಿದವನು, ಬಿಟ್ಟ ನಂಬಿಕೆಯೇ ಆಪತ್ತಿಗೆ ಒದಗಿತು. ಧಣಿಯ ತೋಟದಲ್ಲಿ ಎಲೆ ಕೊಯ್ಯುತ್ತಿದ್ದವಳು ಮುದಕವ್ವ, ಅಂದಿನಿಂದ ಆ ಮೂವತ್ತರ ವಿಧವೆಯನ್ನು ಸವಣೂರಿನ ಯಾವ ತೋಟದವರೂ ಎಲೆ ಕೊಯ್ಯಲು ಕರೆಯಲಿಲ್ಲ, ಶಿಗ್ಗಾಂವಿ ರಸ್ತೆಯಲ್ಲಿ ಜಲ್ಲಿ ಒಡೆಯುತ್ತಾಳೆ.

ಹೆಂಗಸರ ಸಾಲಿನ ತುದಿಯಲ್ಲಿ ಕೂತಿದ್ದ ಮುದಕವ್ವ ಎದ್ದಳು, ಸಾಲು ದಾಟಿ ಗಂಡಸರ ಕಡೆಗೇ ಬರುತ್ತಿದ್ದಾಳೆ — ಇವಳೇ ಊದಿದ್ದು, ಖಂಡಿತ ಇವಳೇ, ಉಪದೇಶಿಯೂ ಇವಳೂ ಕೂಡಿ ಹೂಡಿದ ಆಟ, ಈಗ ಎಲ್ಲರೆದುರು ಮಾನ ಕಳೆಯುತ್ತಾಳೆ, ಇಲ್ಲ ಅಂದುಬಿಡಬೇಕು, ಸಾಕ್ಷಿ ತಾ ಅನ್ನಬೇಕು — ಎದುರಿಗೆ ನಿಂತು ಕೈ ಜೋಡಿಸಿದಳು, ಭರಮಣ್ಣ, ನೀನ ಧಣೇರಿಗೆ ಹೇಳಿದಿ ಅಂತ ಎರಡ ವರ್ಷ ನಿನ್ನ ಮ್ಯಾಲ ಸಂಶೇ ಇಟ್ಕೊಂಡಿದ್ನೆಪ್ಪಾ, ಕಂಡಿಲ್ಲ, ಕೇಳಿಲ್ಲ, ನಿನ್ನ ಮನಿ ಹಾಳಾಗ್ಲಿ ಅಂತ ದಿನಾ ಬೈದೇನಿ, ತಪ್ಪಾತು, ನನ್ನ ಕ್ಷಮಾ ಮಾಡು. ಅಯ್ಯೋ, ಇವಳಿಗೆ ಗೊತ್ತೇ ಇಲ್ಲ, ಎದೆ ಹಗುರಾಯಿತು, ಇರಲಿ ಬಿಡವ್ವಾ ಅಂದರೆ ಮುಗಿಯಿತು, ರೊಟ್ಟಿಯ ತುಂಡು ಕೈಗೆ ಬರುತ್ತದೆ, ದ್ರಾಕ್ಷಾರಸದ ಬಟ್ಟಲು ಬರುತ್ತದೆ — ಆದರೆ ಜೋಡಿಸಿದ ಆ ಕೈಗಳು, ಬಲಗೈ ಹೆಬ್ಬೆರಳಿಗೆ ಉಗುರೇ ಇಲ್ಲ, ಸುತ್ತಿಗೆ ಬಿದ್ದಿರಬೇಕು, ಎಲೆ ಚಿವುಟುತ್ತಿದ್ದ ಉಗುರು ಅದು. ಇದೂ ಒಂದು ಹೂಟವೋ, ಬಾಯಿ ಬಿಡಿಸುವ ಉಪಾಯವೋ, ಉಪದೇಶಿಯವರತ್ತ ನೋಡಿದ, ಅವರು ಕಣ್ಣು ಮುಚ್ಚಿದ್ದಾರೆ, ಮಂಜವ್ವನೂ ಮುಚ್ಚಿದ್ದಾಳೆ, ಯಾರೂ ಊದಿಲ್ಲ, ಯಾರಿಗೂ ಏನೂ ಗೊತ್ತಿಲ್ಲ, ಹಾಗಾದರೆ ಬೆಳಗಿನಿಂದ ತನ್ನನ್ನು ಹಿಡಿದು ಅಲ್ಲಾಡಿಸುತ್ತಿರುವವರು ಯಾರು, ಕರ್ತನೇ — ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು, ಮೊಣಕಾಲು ನೆಲಕ್ಕೆ ಹತ್ತಿತು, ಹೇಳಿದಾಂವ ನಾನ ಮುದಕವ್ವಾ, ನೀರ ಬಿಟ್ಟು ಮರ್ತಾಂವನೂ ನಾನ, ಇವತ್ತ ಹೋಗಿ ಧಣೇರ ಮುಂದ ನಿಂತು ಹೇಳತೇನಿ. ಎಲ್ಲರೂ ಕೇಳಿದರು, ಮಂಜವ್ವ ಉಸಿರು ಎಳೆದುಕೊಂಡದ್ದೂ ಕೇಳಿಸಿತು, ಕೆಲಸ ಹೋಗುತ್ತದೆ, ಹೋಗಲಿ, ತಲೆ ಎತ್ತಲು ಆಗುತ್ತಿಲ್ಲ, ಕಣ್ಣಿನ ಮಟ್ಟಕ್ಕೆ ಆ ಕೈಗಳು, ಬೈಯಲಿ, ಹೊಡೆಯಲಿ — ಕೈಗಳು ಇಳಿದಿಲ್ಲ, ಬಿಚ್ಚಿಲ್ಲ, ಕ್ಷಮೆ ಕೇಳಿದ ಹಾಗೆಯೇ ತನ್ನೆದುರಿಗೇ ಜೋಡಿಸಿಕೊಂಡೇ ಇವೆ, ಉಗುರಿಲ್ಲದ ಹೆಬ್ಬೆರಳು.