ಕೆಂಪು ಗೆರೆ ಎಳೆದ ಸಾಲು

ಮಂಡ್ಯದ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಇಷ್ಟೊಂದು ಜನ ಸೇರುತ್ತಾರೆಂದು ಶ್ವೇತ ಎಣಿಸಿರಲಿಲ್ಲ. ಜಪಾನಿನ ಅನಿಮೆಗೆ, ಅಂದರೆ ಚಿತ್ರ ಬರೆದು ಮಾಡಿದ ಸಿನಿಮಾಕ್ಕೆ, ಅದೂ ಕನ್ನಡ ಮಾತು ಕೂಡಿಸಿದ್ದಕ್ಕೆ. ಇದೇ ಕಥೆ ಎರಡು ವರ್ಷದ ಹಿಂದೆ ಇಪ್ಪತ್ತನಾಲ್ಕು ಕಂತಿನ ಧಾರಾವಾಹಿಯಾಗಿ ಬಂದಾಗ ನೋಡಿದವರು ಬೆರಳೆಣಿಕೆಯಷ್ಟು. ಆ ಅಷ್ಟೂ ಕಂತಿನ ಕನ್ನಡವನ್ನು ತಿದ್ದಿದವಳು ಅವಳೇ.

ಆ ಕನ್ನಡ ಬರೆದವರು ಇಬ್ಬರು. ಮಳವಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಶ್ವೇತ, ಮದ್ದೂರಿನ ಮೆಕ್ಯಾನಿಕ್ ಫಕ್ರುದ್ದೀನ್ ಅವರ ಮಗಳು ಮಾಹೀನ್. ಬಿ.ಎ. ಓದುವಾಗ ಒಂದೇ ಬೆಂಚಿನವರು. ಬೆಂಗಳೂರಿನ ಕಂಪನಿಯೊಂದು ಧಾರಾವಾಹಿಯ ಕೆಲಸ ಕೊಟ್ಟಾಗ ಮಾಹೀನ್ ಕರಡು ಬರೆಯುವುದು, ಶ್ವೇತ ತಿದ್ದುವುದು ಎಂದಾಯಿತು. ಮಂಡ್ಯದ ಗುತ್ತಲಿನ ಶ್ವೇತಳ ಮನೆಯಲ್ಲಿ ಭಾನುವಾರಗಳು ಹಾಗೇ ಕಳೆದವು. ಉಳಿದದ್ದನ್ನು ಅವಳು ಮಳವಳ್ಳಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದಳು.

ಮೊದಲ ಕಂತಿನಲ್ಲೇ ಜಗಳ. ದ್ವೀಪದ ಹುಡುಗಿ ದೋಣಿ ಹತ್ತುವ ಮುಂಚೆ ಅಜ್ಜಿಗೆ ಹೇಳುವ ಮಾತನ್ನು ಮಾಹೀನ್ ‘ಬತ್ತೀನಿ ಕಣಜ್ಜಿ’ ಎಂದು ಬರೆದಿದ್ದಳು. ಶ್ವೇತ ಅದಕ್ಕೆ ಕೆಂಪು ಗೆರೆ ಎಳೆದು ಮೇಲೆ ‘ಹೋಗುತ್ತೇನೆ, ಅಜ್ಜಿ’ ಎಂದು ಬರೆದಳು.

“ಯಾರೇ ಅಂಗಂತಾರೆ?” ಎಂದಿದ್ದಳು ಮಾಹೀನ್. “ನಮ್ ಪಕ್ಕದ್ಮನೆ ಮಲ್ಲಿಗಮ್ಮಜ್ಜಿ, ಓಯ್ತೀನಿ ಅಂದ್ರೆ ಒಸ್ಲು ದಾಟಕ್ಕೇ ಬುಡ್ತಿರ್ಲಿಲ್ಲ. ಬತ್ತೀನಿ ಅನ್ನಮ್ಮ, ಆಮೇಲೋಗು, ಅನ್ನೋಳು.”

“ಇದು ಜಪಾನಿನ ಕಥೆ ಕಣೇ, ಮದ್ದೂರು ಸಂತೆಯಲ್ಲ. ನಿಮ್ಮನೇಲಿ ಆಡೋದು ಉರ್ದು. ಕನ್ನಡ ನನಗೆ ಬಿಡು.”

ಮಾಹೀನ್ ಮುಂದಿನ ಹಾಳೆ ತಿರುವಿದಳು. ಆ ಮಾತು ಹೆಚ್ಚಾಯಿತೇನೋ ಎಂದು ಶ್ವೇತಳಿಗೆ ವಾರವೆಲ್ಲ ಕೊರೆಯಿತು. ಗೆರೆ ಎಳೆಯುವುದು ಮಾತ್ರ ನಿಲ್ಲಲಿಲ್ಲ. ಕೊನೆಯ ಕಂತು ಮುಗಿದ ದಿನ ಮಾಹೀನ್ ತನ್ನ ಕರಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದಳು.

ಸಿನಿಮಾಕ್ಕೆ ಕಂಪನಿಯವರು ಕರೆದದ್ದು ಮಾಹೀನ್ ಒಬ್ಬಳನ್ನೇ. ತನ್ನನ್ನು ಯಾಕೆ ಬಿಟ್ಟರೆಂದು ತಿಳಿಯಲೇಬೇಕೆಂದು ಶ್ವೇತ ಇವತ್ತು ಬಂದಿದ್ದಳು. ಸಿನಿಮಾ ಚೆನ್ನಾಗಿಲ್ಲದಿದ್ದರೆ ಸಾಕು ಎಂಬ ಆಸೆಯೂ ಒಳಗೊಳಗೇ ಇತ್ತು.

ಚೆನ್ನಾಗಿತ್ತು. ಧಾರಾವಾಹಿಯಲ್ಲಿ ಒಂದೇ ಅಲೆಯನ್ನು ಹತ್ತು ಸಲ ತೋರಿಸುತ್ತಿದ್ದರು. ಇಲ್ಲಿ ಒಂದೊಂದು ಅಲೆಯನ್ನೂ ಬೇರೆಯಾಗಿ ಬರೆದಿದ್ದರು. ಅಲ್ಲಿ ಮೂರು ಕಂತು ಎಳೆದಾಡಿದ್ದು ಇಲ್ಲಿ ಮೂರು ನಿಮಿಷದಲ್ಲಿ ಮುಗಿದು ಎದೆಗೆ ತಾಕಿತು. ಅದು ಚಿತ್ರ ಬರೆದವರ ಹೆಚ್ಚುಗಾರಿಕೆ ಎಂದುಕೊಂಡು ಶ್ವೇತ ಸಮಾಧಾನ ಮಾಡಿಕೊಂಡಳು. ಆಮೇಲೆ ದೋಣಿ ಬಂತು. ಹುಡುಗಿ ಈ ಸಲ ಮರಳುವುದಿಲ್ಲವೆಂದು ಅಜ್ಜಿಗೂ ಗೊತ್ತು, ಹುಡುಗಿಗೂ ಗೊತ್ತು.

“ಬತ್ತೀನಿ ಕಣಜ್ಜಿ.”

ಹಿಂದಿನ ಸಾಲಿನ ಹೆಂಗಸೊಬ್ಬಳು “ಅಯ್ಯೋ ಕೂಸೇ” ಎಂದಳು. ಶಿಳ್ಳೆ ಹಾಕುತ್ತಿದ್ದವರು ಸುಮ್ಮನಾದರು. ಶ್ವೇತಳ ಕಣ್ಣೂ ತುಂಬಿತು. ತಾನೇ ಗೆರೆ ಎಳೆದ ಸಾಲಿಗೆ ತಾನೇ ಅತ್ತದ್ದನ್ನು ಅವಳಿಗೆ ತಡೆಯಲಾಗಲಿಲ್ಲ.

ಹೊರಗೆ ಗೇಟಿನ ಬಳಿ ಮಾಹೀನ್ ನಿಂತಿದ್ದಳು. “ಬಂದ್ಯಾ? ಎಂಗಿತ್ತೇ?”

“ಆ ಸಾಲು ಧಾರಾವಾಹಿಯ ಕರಡಿನದು.”

“ಊಂ. ನೀ ಕೆಂಪ್ ಗೆರೆ ಎಳ್ದಿದ್ ಸಾಲೆಲ್ಲ ಎತ್ತಿಟ್ಕಂಡಿದ್ದೆ. ಅರ್ಧ ಸಿನಿಮಾ ಅದೇಯ.” ದನಿಯಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು. “ಧಾರಾವಾಹಿನೂ ತಿರ್ಗಾ ಬರ್ಕೊಡು ಅಂದವ್ರೆ, ಇಪ್ಪತ್ನಾಕೂವೆ. ಅಳೇದು ತಗ್ದಾಕ್ತಾರಂತೆ. ಕಾಗುಣಿತ ನೋಡಕ್ಕೆ ಒಬ್ರು ಬೇಕು. ನೀನಾಗ್ತೀಯಾ?”

ಅಷ್ಟು ಭಾನುವಾರಗಳಲ್ಲಿ ತನ್ನ ಪಾಲಿಗೆ ಉಳಿದದ್ದು ಕಾಗುಣಿತವೊಂದೇ. ಆಗಲಿ ಎನ್ನಬಹುದಿತ್ತು. ಅವತ್ತಿನ ಉರ್ದುವಿನ ಮಾತಿಗೆ ತಪ್ಪಾಯಿತು ಎಂದೂ ಹೇಳಬಹುದಿತ್ತು. ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು.

“ಹೋಗ್ತೀನಿ,” ಎಂದಳು ಶ್ವೇತ.

ಹಾಗನ್ನಬಾರದು ಎನ್ನುತ್ತಾಳೇನೋ ಎಂದು ಒಂದು ಗಳಿಗೆ ನಿಂತಳು. ಮಾಹೀನ್ ಅವಳ ಮುಖ ನೋಡಿದಳು. ತಿದ್ದಲಿಲ್ಲ.