ಅಣ್ಣನ ಕೈ ಹೇಳಿದ ಹದ

ಬಣ್ಣದ ಮನೆಯಲ್ಲಿ ಅಣ್ಣನ ಬಲಗೈ ಹೇಳಿದ್ದೇ ಕೊನೆಯ ಮಾತು. ನೂಲಿನ ಲಡಿಗಳನ್ನು ಹಂಡೆಗೆ ಇಳಿಸುವ ಮುಂಚೆ ಅವನು ಬಣ್ಣದ ನೀರಿಗೆ ಕೈಯದ್ದಿ, ಕಣ್ಣು ಮುಚ್ಚಿ, ಒಂದು ಗಳಿಗೆ ನಿಲ್ಲುತ್ತಿದ್ದ. ‘ಹೂಂ, ಹದವಾಗಿದೆ’ ಎಂದರೆ ಲಡಿ ಇಳಿಯಬೇಕು, ತಲೆ ಅಲ್ಲಾಡಿಸಿದರೆ ಉರಿ ತಗ್ಗಿಸಬೇಕು. ಗೋಡೆಯ ಮೇಲೆ ಶಾಖ ಅಳೆಯುವ ಕಡ್ಡಿಯೊಂದು ತೂಗಾಡುತ್ತಿತ್ತು, ನಿಜ. ಆದರೆ ಅದನ್ನು ನೋಡುವುದೆಂದರೆ ಮನೆಯ ಹಿರಿಯರ ಮಾತಿಗೆ ಪಕ್ಕದ ಮನೆಯವರ ಸಾಕ್ಷಿ ಕೇಳಿದ ಹಾಗೆ ಎಂದು ತಮ್ಮನಿಗೆ ಅನಿಸುತ್ತಿತ್ತು. ಬುದ್ಧಿ ಬಂದಾಗಿನಿಂದ ಅವನು ಆ ಕೈಯನ್ನು ಒಮ್ಮೆಯೂ ಅನುಮಾನಿಸಿದವನಲ್ಲ.

ಆ ಕೈ ಒಂದು ಬೆಳಗ್ಗೆ ಸುಮ್ಮನಾಯಿತು. ಲಕ್ವ ಹೊಡೆದು ಆಸ್ಪತ್ರೆ ಸೇರಿದ ಅಣ್ಣ ಮೆಲ್ಲಗೆ ಎದ್ದು ಓಡಾಡುವಂತಾದ, ಮಾತು ತಿರುಗಿ ಬಂತು, ಬೆರಳುಗಳೂ ಅಷ್ಟಿಷ್ಟು ಮಡಚಿದವು. ಸ್ಪರ್ಶ ಮಾತ್ರ ಬರಲಿಲ್ಲ. ಸೂಜಿ ಚುಚ್ಚಿದರೂ ಯಾರದೋ ಕೈಗೆ ಚುಚ್ಚಿದಂತೆ ನೋಡುತ್ತ ಕೂರುತ್ತಿದ್ದ. ಇನ್ನು ಇಷ್ಟೇ ಅಂದರು ಡಾಕ್ಟರು. ‘ಇಷ್ಟೇ’ ಎಂಬುದನ್ನು ತಮ್ಮನು ಕಿವಿಗೇ ಹಾಕಿಕೊಳ್ಳಲಿಲ್ಲ. ಬೆಟ್ಟದ ಹಿಂದೆ ನೆಲದೊಳಗಿಂದಲೇ ಬಿಸಿನೀರು ಉಕ್ಕುವ ಜಾಗವಿದೆ, ಮರಗಟ್ಟಿದ ಕಾಲಿಗೆ ಅಲ್ಲಿ ಜೀವ ಬಂದದ್ದನ್ನು ಕಂಡಿದ್ದೇನೆ ಎಂದು ನೂಲು ತರುವ ಲಾರಿಯವನು ಬಾಯಿ ಬಿಟ್ಟಿದ್ದೇ ತಡ, ತಮ್ಮನು ತನ್ನ ವ್ಯಾನಿನಿಂದ ಮೂಟೆಗಳನ್ನು ಇಳಿಸಿ, ಹಿಂದೆ ಹಾಸಿಗೆ ಹಾಸಿ, ಅಣ್ಣನನ್ನೂ ಅತ್ತಿಗೆಯನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟ.

ಡಾಂಬರು ಮುಗಿದ ಮೇಲೆ ಶುರುವಾದದ್ದು ಜಲ್ಲಿಯ ದಾರಿ. ಗಾಡಿಯ ಕೆಳಗೆ ಕಲ್ಲುಗಳು ಒಂದೇ ಸಮನೆ ಹುರಿದಂತೆ ಸಿಡಿಯುತ್ತಿದ್ದವು. ಏರಿನಲ್ಲಿ ಚಕ್ರ ಜಾರಿ ಹಿಂದಕ್ಕೆ ಸರಿಯುವುದು, ತಮ್ಮ ಹಲ್ಲು ಕಚ್ಚಿ ಮತ್ತೆ ಹತ್ತಿಸುವುದು. ಅತ್ತಿಗೆ ಒಂದು ಕೈಯಲ್ಲಿ ಗಂಡನನ್ನೂ ಇನ್ನೊಂದರಲ್ಲಿ ಕಿಟಕಿಯ ಸರಳನ್ನೂ ಹಿಡಿದಿದ್ದಳು.

“ನಿಮ್ಮಣ್ಣನ ಕೈ ಬರೋ ಹೊತ್ತಿಗೆ ನನ್ನ ಸೊಂಟ ಹೋಗಿರುತ್ತೆ ಕಣಪ್ಪ. ಆಮೇಲೆ ನನ್ನನ್ನ ಯಾವ ನೀರಿಗೆ ಕರ್ಕೊಂಡು ಹೋಗ್ತೀಯೋ!”

“ಇವಳನ್ನೂ ಒಂದು ಲಡಿ ಅಂದ್ಕೊಂಡು ಅಲ್ಲೇ ನೆನೆಹಾಕಿ ಬರೋಣ ಬಿಡು” ಅಂದ ಅಣ್ಣ. ಕಾಯಿಲೆ ಬಿದ್ದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ತಮ್ಮನಿಗೆ ದಾರಿಯ ಆಯಾಸವೆಲ್ಲ ಇಳಿದಂತಾಯಿತು. ದೇವರು ಆಗಲೇ ಅರ್ಧ ಕೆಲಸ ಮಾಡಿದ್ದಾನೆ ಅಂದುಕೊಂಡ.

ದಾರಿ ಬಂಡೆಗಳ ನಡುವೆ ಹೋಗಿ ನಿಂತುಬಿಟ್ಟಿತು. ನರಪಿಳ್ಳೆಯೂ ಇಲ್ಲ. ಮೇಲಿನ ಗುಂಡಿಯಲ್ಲಿ ನೀರು ಗುಳುಗುಳು ಉಕ್ಕಿ, ಹಳದಿಗಟ್ಟಿದ ಕಲ್ಲಿನ ಮೇಲೆ ಹರಿದು, ಕೆಳಗೆ ಒಂದೊಂದಾಗಿ ಗುಂಡಿ ತುಂಬುತ್ತ, ಕೊನೆಗೆ ತಣ್ಣನೆಯ ತೊರೆಗೆ ಸೇರುತ್ತಿತ್ತು. ಆ ನಿಶ್ಶಬ್ದದಲ್ಲಿ, ಯಾರೂ ಹಚ್ಚದ ಒಲೆಯ ಮೇಲೆ ಯಾರೋ ನೀರು ಕಾಯಿಸಿಟ್ಟು ಈಗಷ್ಟೇ ಆಚೆ ಹೋದಂತಿತ್ತು. ತಮ್ಮ ಚಪ್ಪಲಿ ಬಿಟ್ಟು ಕೈಮುಗಿದ. ಅತ್ತಿಗೆ ಸೀರೆ ಬದಲಿಸಲು ವ್ಯಾನಿನ ಮರೆಗೆ ಹೋದಳು.

ಅಣ್ಣ ಮೇಲಿನ ಗುಂಡಿಯ ಅಂಚಿಗೇ ಹೋಗಿ ಕೂತ. ಹಂಡೆಯ ಮುಂದೆ ಕೂರುವ ಹಾಗೆಯೇ ಅಂಗಿಯ ಬಲತೋಳು ಮಡಚಿ, ನೀರಿಗೆ ಕೈಯಿಳಿಸಿ, ಕಣ್ಣು ಮುಚ್ಚಿದ. ಹಬೆ ಅವನ ಮುಖವನ್ನು ಮುಚ್ಚಿ ತೆರೆಯಿತು. ತಮ್ಮ ಉಸಿರು ಬಿಗಿಹಿಡಿದು ನಿಂತ. ಬಣ್ಣದ ಮನೆಯಲ್ಲಿ ಹಾಗೆ ನಿಂತೇ ಅವನು ದೊಡ್ಡವನಾದದ್ದು.

“ಬೆಚ್ಚಗೆ ತಾಗ್ತಿದೆ ಕಣೋ” ಅಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, “ಹೂಂ. ಹದವಾಗಿದೆ.”

ತಮ್ಮನ ಕಣ್ಣು ತುಂಬಿ ಬಂತು. ಎದುರಿಗಿದ್ದದ್ದೆಲ್ಲ ಮಸುಕಾಯಿತು: ಹಬೆ, ಗುಳ್ಳೆ, ನೀರೊಳಗೆ ಕೆಂಪೇರುತ್ತಿದ್ದ ಕೈ. ಅಣ್ಣ ಹದ ಅಂದ ಮೇಲೆ ಅದು ಹದವೇ. “ಇನ್ನೂ ಸ್ವಲ್ಪ ಹೊತ್ತು ಇಟ್ಕೊಂಡಿರಣ್ಣ” ಅಂದ. ಹಾಗಂದವನು ಅವನೇ.

ಅತ್ತಿಗೆ ಬಂದವಳು ಅಣ್ಣನ ಪಕ್ಕ ಕೂತು ಕಾಲಿನ ಹೆಬ್ಬೆರಳು ಅದ್ದಿದಳೋ ಇಲ್ಲವೋ, ಕಾಲು ಕಿತ್ತುಕೊಂಡಳು. ಏನನ್ನೂ ಕೇಳದೆ ಗಂಡನ ತೋಳು ಹಿಡಿದು ಎಳೆದಳು. ಹೊರಗೆ ಬಂದ ಕೈ ಮಣಿಕಟ್ಟಿನ ತನಕ ಬೆಂದಿತ್ತು. ಬೆರಳ ಸಂದಿಯಲ್ಲಿ ಚರ್ಮ ಒದ್ದೆ ಕಾಗದದಂತೆ ಸರಿದಿತ್ತು.

“ಮೊಟ್ಟೆ ಬೇಯೋ ನೀರು ಇದು” ಅಂದಳು ಅತ್ತಿಗೆ. “ಅವರಿಗೆ ಗೊತ್ತಾಗಲ್ಲ. ನೀನು ಮುಟ್ಟಿ ನೋಡಬಾರದಿತ್ತೇನೋ?”

ಮುಟ್ಟಿ ನೋಡಬೇಕೆಂದು ತಮ್ಮನಿಗೆ ಹೊಳೆದೇ ಇರಲಿಲ್ಲ. ಸ್ಪರ್ಶ ಕಳೆದುಕೊಂಡ ಕೈಯೆಂದೇ ಅದನ್ನು ಇಷ್ಟು ದೂರ ಹೊತ್ತು ತಂದವನು, ತಂದ ಮೇಲೆ ನೀರಿನ ಹದ ಹೇಳಲು ಅದನ್ನೇ ನಂಬಿದ್ದ.

ತೊರೆಯ ನೀರನ್ನು ಮೊಗೆದು ಮೊಗೆದು ಸುರಿದರು. ಅತ್ತಿಗೆ ತನ್ನ ಒಣ ಸೀರೆಯನ್ನು ಹರಿದು ನೆನೆಸಿ, ಕೈಗೆ ಸಡಿಲವಾಗಿ ಹೊದಿಸಿದಳು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಇದ್ದದ್ದು ಬಂದ ದಾರಿಯೊಂದೇ.

ಆ ದಾರಿಗೆ ಅವಸರವೆಂಬುದು ಗೊತ್ತಿರಲಿಲ್ಲ. ಆಸ್ಪತ್ರೆ ಡಾಂಬರಿನಾಚೆ. ಜೋರಾಗಿ ಬಿಟ್ಟರೆ ಗಾಡಿ ಕಣಿವೆಯ ಕಡೆಗೆ ಜಾರುತ್ತಿತ್ತು, ನಿಧಾನವಾಗಿ ಬಿಟ್ಟರೆ ಹೊತ್ತು ಜಾರುತ್ತಿತ್ತು. ಪ್ರತಿ ಕುಲುಕಿಗೂ ತಮ್ಮ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಅತ್ತಿಗೆ ಆ ಕೈಯನ್ನು ಬಾಣಂತಿ ಕೂಸನ್ನು ಎತ್ತಿಕೊಂಡಂತೆ ಮಡಿಲಲ್ಲಿ ಎತ್ತಿ ಹಿಡಿದಿದ್ದಳು. ಅವಳ ಮುಖ ಹಿಂಡಿದಂತಿತ್ತು. ಅಣ್ಣನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಇರಲಿಲ್ಲ. ನೋಡಲಾಗದಿದ್ದದ್ದು ಅದನ್ನೇ.

ಪ್ರಾರ್ಥನೆ ಮಾಡೋಣವೆಂದು ತಮ್ಮ ತುಟಿ ಅಲ್ಲಾಡಿಸಿದ. ಏನೆಂದು ಬೇಡುವುದು? ನೋವು ಕೊಡಬೇಡಪ್ಪ ಎನ್ನಲೇ? ಆ ನೋವನ್ನು ಹುಡುಕಿಕೊಂಡೇ ಅಲ್ಲವೇ ಬಂದದ್ದು. ಕೊಡು ಎನ್ನಲೇ? ಬೆಂದ ಕೈಗೆ ನೋವು ಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಹುಟ್ಟಿದಾಗಿನಿಂದ ದೇವರೊಡನೆ ಮಾತಾಡಿಕೊಂಡು ಬಂದವನಿಗೆ ಅಂದು ಒಂದು ಪದವೂ ಸಿಗಲಿಲ್ಲ.

“ಹಬೆ ಇರಬೇಕು ಕಣೋ” ಅಂದ ಅಣ್ಣ, ತಾನಾಗಿಯೇ. “ಮುಖಕ್ಕೆ ತಾಗಿದ್ದನ್ನ ಕೈಗೆ ಅಂದ್ಕೊಂಡೆ.”

ಚಕ್ರ ಒಂದು ಗುಂಡಿಗೆ ಇಳಿದು, ಗಾಡಿ ಇಡೀ ಅಲುಗಿ, ಅತ್ತಿಗೆಯ ಬಾಯಿಂದ ನರಳಿಕೆ ಹೊರಟಿತು. ಅಣ್ಣ ಮುಂದಕ್ಕೆ ಬಾಗಿ, ಎಡಗೈಯನ್ನು ತಮ್ಮನ ಹೆಗಲ ಮೇಲಿಟ್ಟ.

“ನಿಧಾನ ಹೋಗೋ. ನನಗೇನೂ ನೋಯ್ತಿಲ್ಲ.”