ಹಟಮಾರಿ ಹೇಳದೆ ಉಳಿಸಿಕೊಂಡ ಹೆಸರು

ಬೀಳಗಿ ಕಡೆಯ ಆ ಊರಿಗೆ ಆಲಮಟ್ಟಿಯ ಹಿನ್ನೀರು ಇನ್ನೇನು ಬರುವುದಿತ್ತು. ಮನೆಯ ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿಯಾಗಿತ್ತು. ಕಲ್ಲಿನ ಹೊಸ್ತಿಲೊಂದು ಉಳಿದಿತ್ತು. ಒಳಗೆ ಸೋಮವ್ವ ಉಳಿದಿದ್ದಳು.

"ಚಿಗವ್ವಾ, ಎಂಥಾ ಹಟಮಾರಿ ಹೆಂಗಸು ಬೇ ನೀ! ಹೊರಗ ಬಾ!" ಭಾವನ ಮಗ ದುಂಡೇಶ ಒದರಿದ.

ಹಟಮಾರಿ, ಅದೇ ಹಳೆಯ ಮಾತು. ಆದರೆ ಇವನ ಬಾಯಲ್ಲಿ ಬರೀ ಸಿಟ್ಟಿತ್ತು. ಅತ್ತೆ ಅಂದಾಗ ಅದು ಬೈಗುಳ, ಓಣಿಯವರು ಅಂದಾಗ ಚಾಡಿ. ಗಂಡ ಅಂದಾಗ ಮಾತ್ರ, ಅಯ್ಯೋ, ಅದೇ ಅವಳ ಹೆಸರು!

ಮದುವೆಯಾಗಿ ಬಂದ ದಿನ ಹೆಂಗಸರು ಇದೇ ಹೊಸ್ತಿಲಿಗೆ ಅಡ್ಡ ನಿಂತಿದ್ದರು. "ಎರಡು ಸಾಲಿನ ಒಡಪು ಹಾಕಿ ಗಂಡನ ಹೆಸರು ಹೇಳು, ಒಳಗ ಬಾ." ಸೋಮವ್ವ ತುಟಿ ಬಿಚ್ಚಲಿಲ್ಲ. ಬಿಸಿಲು ನೆತ್ತಿಗೇರಿತು. ಕೊನೆಗೆ ಗಂಡನೇ ಒಳಗಿನಿಂದ ಕೂಗಿದ: "ಬಿಡ್ರೆವ್ವಾ, ಹಟಮಾರಿ ಅದಾಳ. ಕಾಲು ಸುಡತಾವು ಅಕಿಗೆ."

ಅಂದಿನಿಂದ "ಹಟಮಾರಿ, ನೀರು ತಾ", "ಹಟಮಾರಿ, ಉಂಡಿಯೇನ?" ಸಂಜೆ ಕುರಿ ಹೊಡಕೊಂಡು ಬಂದವನು ಬಾಗಿಲಿಗೆ ತೋಳು ಅಡ್ಡ ಇಟ್ಟು, "ಇವತ್ತರೆ ಹೆಸರು ಹೇಳು" ಅನ್ನುತ್ತಿದ್ದ. ಇವಳು ತಲೆ ಬಗ್ಗಿಸಿ ತೋಳಿನ ಕೆಳಗಿಂದ ನುಸುಳಿಬಿಡುತ್ತಿದ್ದಳು. ಆಯುಷ್ಯವೆಲ್ಲ ಇದೇ ಆಟ.

ಹಾಸಿಗೆ ಹಿಡಿದಾಗಲೂ ಕೇಳಿದ್ದ. "ಒಮ್ಮೆ ಹೇಳ."

"ಎದ್ದು ಬಾಗಲಾ ಅಡ್ಡ ಹಿಡೀರಿ, ಹೇಳ್ತೀನಿ" ಅಂದು ನಕ್ಕಿದ್ದಳು. ಅವನು ಏಳಲಿಲ್ಲ. ಹೇಳದೆ ಉಳಿದ ಹೆಸರು ಎದೆಯಲ್ಲೇ ಕೂತಿತು. ಇನ್ನು ಹಟಮಾರಿ ಎಂದು ಅಕ್ಕರೆಯಿಂದ ಕರೆಯುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಹೊಸ ಊರಿನಲ್ಲಿ ಮನೆಯೇನೋ ಸಿಕ್ಕೀತು, ಆದರೆ ಅವನು ಅಡ್ಡ ನಿಂತ ಹೊಸ್ತಿಲು ಇದೊಂದೇ. ಇವತ್ತು ಹೇಳದಿದ್ದರೆ ಇನ್ನೆಲ್ಲಿ ಹೇಳುವುದು?

ಸೋಮವ್ವ ಸೆರಗು ಹೊದ್ದು ಹೊಸ್ತಿಲ ಮೇಲೆ ನಿಂತಳು. ಹೇಳಿದಳು:

"ಹೆಗಲ ಮ್ಯಾಲ ಕಂಬಳಿ, ಬೆನ್ನ ಹಿಂದ ಕುರಿಗಳ ಸಾಲ,
ಹಾಲಸಿದ್ದಪ್ಪನ ಹೆಸರು ಹೇಳ್ತೀನಿ ನಿಂತು ಹೊಸ್ತಿಲ ಮ್ಯಾಲ."

ಹೇಳಿ ಸ್ವಲ್ಪ ಹೊತ್ತು ಕಾದಳು. ಟ್ರ್ಯಾಕ್ಟರ್ ಮಾತ್ರ ಗುಡುಗುಡು ಅನ್ನುತ್ತಿತ್ತು. ಆಮೇಲೆ ತಲೆ ಬಗ್ಗಿಸಿ, ಮೈ ಹಿಡಿ ಮಾಡಿಕೊಂಡು, ನುಸುಳಿ ಹೊರಗೆ ಬಂದಳು.

ದುಂಡೇಶನ ಸಿಟ್ಟು ಇಳಿಯಿತು. "ಬಗ್ಗಬ್ಯಾಡ ಬಿಡ ಚಿಗವ್ವಾ" ಅಂದ, "ತಲಿಗೆ ಏನೂ ಬಡಿಯೂದಿಲ್ಲ. ಚೌಕಟ್ಟು ಕಿತ್ತೇವಲ್ಲ."